ಹಿಂದಿನ ಸೀಟಿನ ಜಾಲರಿ

ನನಗೆ ಹೇಸಿಗೆ ಬೇಗ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು. ಇನ್ನೊಬ್ಬರು ಕುಡಿದಿಟ್ಟ ಲೋಟ, ಬಚ್ಚಲಲ್ಲಿ ಅಂಟಿಕೊಂಡ ಕೂದಲು, ಬಸ್ಸಿನ ಸರಳಿನ ಜಿಡ್ಡು, ಯಾವುದನ್ನು ಕಂಡರೂ ನನ್ನ ಮೂಗು ಮೇಲಕ್ಕೇರುತ್ತದೆ, ತುಟಿ ಸೊಟ್ಟಗಾಗುತ್ತದೆ. ಬೇಕೆಂದು ಮಾಡುವುದಲ್ಲ, ತಾನಾಗಿ ಆಗುತ್ತದೆ. ಕಲಬುರಗಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದೆ. ಹುಡುಗಿಯರು ನನ್ನ ಹಿಂದೆ "ಛೀ ಟೀಚರ್" ಅನ್ನುತ್ತಿದ್ದರು. ಗೊತ್ತಿತ್ತು. ಸಿಟ್ಟೇನೂ ಬರುತ್ತಿರಲಿಲ್ಲ, ಹೊಲಸನ್ನು ಹೊಲಸು ಅನ್ನುವುದರಲ್ಲಿ ತಪ್ಪೇನಿದೆ ಎಂದೇ ನನ್ನ ವಾದವಾಗಿತ್ತು.

ಇಂಥವಳು ನಿವೃತ್ತಿಯಾದ ಮೇಲೆ ವಾರಕ್ಕೆ ಎರಡು ದಿನ ಈ ಊರಿನ ಟ್ರಾಫಿಕ್ಕಿನೊಳಗೆ ಕಾರು ನಡೆಸಬೇಕಾಗಿ ಬಂತು. ಕಾರಣ ನನ್ನ ತಂಗಿ. ನನಗಿಂತ ಐದು ವರ್ಷ ಚಿಕ್ಕವಳು, ಕೊಟ್ಟದ್ದು ಕಮಲಾಪುರಕ್ಕೆ. ಅವರದು ಕೆಂಪು ಬಾಳೆಯ ತೋಟ. ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ, ಕಲಬುರಗಿಯ ಆಸ್ಪತ್ರೆಯಲ್ಲಿ ನಾಲ್ಕು ತಾಸು ಯಂತ್ರಕ್ಕೆ ಹಚ್ಚಿ ಅವಳ ರಕ್ತ ತೊಳೆಯುತ್ತಿದ್ದರು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಳ್ಳುತ್ತದೆ, ಎರಡು ಸಲ ತಪ್ಪಿದರೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಹೇಳಿದ್ದರು. ಸುತ್ತ ಬಾಳೆ ಇಟ್ಟುಕೊಂಡು ಅವಳು ಒಂದು ಹಣ್ಣು ತಿನ್ನುವ ಹಾಗಿರಲಿಲ್ಲ. ಆ ರೋಗಕ್ಕೆ ಬಾಳೆಹಣ್ಣು ವಿಷವಂತೆ.

ನಾನು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು, ಕಮಲಾಪುರಕ್ಕೆ ಹೋಗಿ, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತಿದ್ದೆ. ಆಗ ನಮ್ಮಲ್ಲಿದ್ದದ್ದು ಹಳೆಯ ಡೀಸೆಲ್ ಕಾರು. ನಮ್ಮ ಮನೆಯವರು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಮ್ಯಾನೇಜರು, ಹಾಗಾಗಿ ಕಾರಿನೊಳಗೆ ತೊಗರಿಹೊಟ್ಟಿನ ಧೂಳು, ಗೋಣಿಚೀಲದ ವಾಸನೆ, ಮೇಲಿಂದ ಡೀಸೆಲ್ಲಿನ ಕಮಟು. ಕಮಲಾಪುರದಿಂದ ರಿಂಗ್ ರಸ್ತೆಯ ತನಕ ಹೇಗೋ ನಡೆಯುತ್ತಿತ್ತು. ಊರೊಳಗೆ ಹೊಕ್ಕಮೇಲೆ ಶುರು. ಎದುರಿನಿಂದ ಬರುವ ಬೈಕು, ಅಡ್ಡ ನಿಂತ ಆಟೋ, ನಡುರಸ್ತೆಯಲ್ಲಿ ಸೊಪ್ಪಿನ ಗಾಡಿ, ಬಸ್ಸಿನ ಕಿಟಕಿಯಿಂದ ಗುಟ್ಕಾದ ಪಿಚಕಾರಿ. ಒಂದು ಸಲ ಅದು ನನ್ನ ಕಾರಿನ ಗಾಜಿಗೇ ಬಂದು ಬಿತ್ತು. ಥೂ! ವೈಪರ್ ಹಾಕಿದರೆ ಗಾಜಿನ ತುಂಬ ಕೆಂಪು ಬಳಿದುಕೊಂಡಿತು. ಇಂಥ ಜನರ ನಡುವೆ ಕಾರು ಹತ್ತು ಹೆಜ್ಜೆ ಹೋಗುವುದು, ನಿಲ್ಲುವುದು, ಗಡಗಡ ನಡುಗುವುದು. ಹಿಂದೆ ತಂಗಿಗೆ ವಾಂತಿ.

ಪ್ರತಿ ಸಲ. ಅವಳು ಪ್ಲಾಸ್ಟಿಕ್ ಚೀಲ ಬಾಯಿಗೆ ಹಿಡಿಯುತ್ತಿದ್ದಳು. ನಾನು ಒಳಗಿನ ಕನ್ನಡಿಯಲ್ಲಿ ನೋಡುತ್ತಿದ್ದೆ. "ಆಯ್ತೇನ?" ಅಂತ ಕೇಳುತ್ತಿದ್ದೆ. ಅವಳು ತಲೆ ಆಡಿಸಿ ಚೀಲಕ್ಕೆ ಗಂಟು ಹಾಕುತ್ತಿದ್ದಳು. ಅದನ್ನು ನಾನು ಎಂದೂ ಕೈಯಲ್ಲಿ ಮುಟ್ಟಲಿಲ್ಲ. ಆಸ್ಪತ್ರೆಯ ಮುಂದೆ ಇಳಿದು ಅವಳೇ ಕಸದ ಡಬ್ಬಿಯ ತನಕ ನಡೆದು ಹಾಕಿ ಬರುತ್ತಿದ್ದಳು, ಬಾತ ಕಾಲುಗಳಲ್ಲಿ.

ಒಂದು ಮಂಗಳವಾರ ವಾಪಸು ಮನೆ ಮುಟ್ಟಿಸಿದಾಗ ಅಂದಳು: "ಅಕ್ಕಾ, ಸಾಕು. ನಾ ಇನ್ನ ಬರಂಗಿಲ್ಲ."

"ಹುಚ್ಚಿ ಹಂಗ ಮಾತಾಡಬ್ಯಾಡ."

"ಖರೇನ ಹೇಳ್ತೀನಿ. ಆ ಗಾಡ್ಯಾಗ ಕುಂತ್ರ ನನಗ ಜೀವನಾ ಸಾಕಾಗ್ತದ. ಇಲ್ಲೇ ಮನ್ಯಾಗ ಏನ್ ಆಗ್ತದ ಆಗ್ಲಿ."

ಶುಕ್ರವಾರ ನಾನು ಹೋದರೆ ಬಾಗಿಲು ಹಾಕಿಕೊಂಡು ಮಲಗಿದ್ದಳು. ಎಷ್ಟು ಬಡಿದರೂ ಏಳಲಿಲ್ಲ. ಭಾನುವಾರ ಅವಳ ಗಂಡ ಫೋನು ಮಾಡಿದ. ಮುಖ ಬಾತಿತ್ತು, ಮಲಗಿದರೆ ಉಸಿರಿಲ್ಲ, ಗೋಡೆಗೆ ಆನಿಸಿ ಕೂರಿಸಿದ್ದರು. ಅವತ್ತು ಆಂಬುಲೆನ್ಸಿನಲ್ಲಿ ತಂದು ಉಳಿಸಿಕೊಂಡೆವು. ಬದುಕಿದ ಮೇಲೂ ಅವಳ ಮಾತು ಅದೇ, ಆ ಗಾಡಿಯಲ್ಲಿ ನಾನು ಬರುವುದಿಲ್ಲ.

ಹಾಗಾಗಿ ಕಾರನ್ನೇ ಬದಲಿಸಿದೆವು. ನನಗೆ ತಿಳಿದದ್ದು ಇಷ್ಟೇ: ವಾಸನೆ ಇರಬಾರದು, ನಡುಗಬಾರದು, ನಿಂತಲ್ಲಿ ಏಸಿ ತಂಪು ಕೊಡಬೇಕು. ಹೈಬ್ರಿಡ್ ತಗೊಳ್ಳಿ ಎಂದು ಅಂಗಡಿಯವನು ಅಂದ. ಪೆಟ್ರೋಲ್ ಎಂಜಿನ್ನೂ ಇರುತ್ತದೆ, ಬ್ಯಾಟರಿಯ ಮೋಟಾರೂ ಇರುತ್ತದೆ. ಬ್ರೇಕು ಒತ್ತಿದಾಗ ಸುಮ್ಮನೆ ಬಿಸಿಯಾಗಿ ಹೋಗುವ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಕಾರು ನಿಂತರೆ ಎಂಜಿನ್ ತಾನೇ ಆರುತ್ತದೆ, ಏಸಿ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ವಿಜ್ಞಾನದವಳಲ್ಲವೇ, ಕೇಳುತ್ತಲೇ ಮನಸೋತೆ.

ಹೊಗಳಬೇಕಾದ್ದನ್ನು ಹೊಗಳುತ್ತೇನೆ. ಈ ಊರಿನ ಜಾಮಿಗೆ ಅದಕ್ಕಿಂತ ಒಳ್ಳೆಯ ಕಾರನ್ನು ನಾನು ಕಂಡಿಲ್ಲ. ಕಮಲಾಪುರಕ್ಕೆ ಹೋಗುವ ಹುಮನಾಬಾದ್ ರಸ್ತೆಯಲ್ಲಿ, ಖಾಲಿ ಹೆದ್ದಾರಿಯಲ್ಲಿ, ಅದು ಬೇರೆ ಯಾವುದೇ ಕಾರಿನ ಹಾಗೆಯೇ ಪೆಟ್ರೋಲ್ ಕುಡಿಯುತ್ತದೆ, ವಿಶೇಷ ಏನಿಲ್ಲ. ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲಕ್ಕೆ ಹೊಕ್ಕಿತೋ, ಆಗ ಅದಕ್ಕೆ ಹಬ್ಬ. ನಾಲ್ಕು ಮಾರು ಹೋಗು, ಬ್ರೇಕು ಒತ್ತು, ನಿಲ್ಲು. ಎಲ್ಲರ ಗಾಡಿಗಳು ಹೊಗೆ ಕಾರುತ್ತಿದ್ದರೆ ಇದು ಸದ್ದಿಲ್ಲದೆ ಒಳಗೆ ತಂಪಾಗಿ ನಿಂತಿರುತ್ತದೆ. "ಜಾಮ್ ಇದ್ದಷ್ಟೂ ಛಲೋ ಓಡ್ತದಲ್ಲ, ಬರೋಬರಿ ನಮ್ಮೂರಿಗೇ ಮಾಡ್ಯಾರ ಬಿಡು," ಎಂದು ನಮ್ಮ ಮನೆಯವರು ನಕ್ಕರು. ನನಗೆ ಅದೇ ಅಸಹ್ಯ. ಊರು ಎಷ್ಟು ಹದಗೆಟ್ಟರೆ ಅಷ್ಟು ಚೆನ್ನಾಗಿ ನಡೆಯುವ ಕಾರು! ರಸ್ತೆಯನ್ನು ನೆಟ್ಟಗೆ ಮಾಡುವುದು ಬಿಟ್ಟು ಹೊಲಸಿಗೆ ತಕ್ಕ ಗಾಡಿ ಕೊಂಡು ಗಾಜು ಏರಿಸಿಕೊಂಡು ಕೂತಿದ್ದೇವೆ ಅನ್ನಿಸುತ್ತಿತ್ತು. ಆದರೂ ಗಾಜು ಏರಿಸಿಕೊಂಡು ಕೂರುವುದು ನನಗೆ ಬಹಳ ಹಿಡಿಸಿತು.

ತಂಗಿ ಹೊಸ ಕಾರು ನೋಡಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಂದು ಕೂತಳು. ಮೊದಲ ದಿನ ವಾಂತಿ ಆಗಲಿಲ್ಲ. ಎರಡನೇ ದಿನವೂ ಆಗಲಿಲ್ಲ. ಹೊಸ ಗಾಡಿಯ ಖುಷಿಯಲ್ಲಿ ನಾನು ಹಾಡು ಹಚ್ಚಿದ್ದೆ, ಅವಳ ಜೊತೆ ಮಾತಾಡುತ್ತಿದ್ದೆ. ಮೂರನೇ ವಾರ ಅವಳು ಡಯಾಲಿಸಿಸ್ ನರ್ಸುಗಳಿಗೆ ಕೊಡಲು ಒಂದು ಬಾಳೆ ಚಿಪ್ಪು ತಂದಳು. ಕಮಲಾಪುರದ ಕೆಂಪು ಹಣ್ಣು, ಪೇಪರಿನಲ್ಲಿ ಸುತ್ತಿದ್ದಳು. ತಾನು ತಿನ್ನುವಂತಿಲ್ಲ, ತಿನ್ನುವವರಾದರೂ ತಿನ್ನಲಿ ಎಂದು ಅವಳ ಆಸೆ.

ಅಲ್ಲಿಂದ ಎಡವಟ್ಟು ಶುರುವಾಯಿತು. ಹಿಂದಿನ ಸೀಟಿನ ಕೆಳಗೆ, ಬಾಗಿಲ ಕಡೆಗೆ, ಅಂಗೈಯಗಲ ಒಂದು ಪ್ಲಾಸ್ಟಿಕ್ ಜಾಲರಿ ಇತ್ತು. ಯಾವುದೋ ಬ್ರೇಕಿಗೆ ಒಂದು ಹಣ್ಣು ಉರುಳಿ ಅವಳ ಕಾಲ ಕೆಳಗೆ ಸಿಕ್ಕು ಪಚ್ಚಡಿಯಾಯಿತು, ಅದರ ರಾಡಿ ಜಾಲರಿಯೊಳಗೆ ಹೋಯಿತು. ಎರಡು ದಿನ ಬಿಟ್ಟು ನೋಡಿದರೆ ಹುಳಿ ವಾಸನೆ, ಇರುವೆ ಸಾಲು. ಜಾಲರಿಯ ಕಿಂಡಿಗಳಲ್ಲಿ ನಮ್ಮ ಮನೆಯವರ ಬಟ್ಟೆಯಿಂದ ಉದುರಿದ ತೊಗರಿಹೊಟ್ಟಿನ ಧೂಳು, ತಂಗಿಯ ಉದುರಿದ ಕೂದಲು, ಅದಕ್ಕೆ ಅಂಟಿದ ಬಾಳೆಯ ಅಂಟು. ಶಿವಶಿವಾ! ಹಲ್ಲುಕಡ್ಡಿಯಿಂದ ಒಂದೊಂದೇ ಕಿಂಡಿ ಕೆರೆದು ತೆಗೆದೆ. ಅವತ್ತು ಊಟ ಸೇರಲಿಲ್ಲ.

ಶುಕ್ರವಾರ ಅವಳು ಹತ್ತುವಾಗ ಕನ್ನಡಿಯಲ್ಲೇ ನೋಡುತ್ತ ಅಂದೆ, "ಹಣ್ಣು ಗಿಣ್ಣು ತರಬ್ಯಾಡ ಇನ್ನ."

"ಹೂಂ," ಅಂದಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಊರೊಳಗಿನ ಮೋಮಿನಪುರಕ್ಕೆ ಹೋದೆ, ಸೀಟಿನ ಕವರು ಹೊಲಿಯುವ ಒಬ್ಬ ಹಿರಿಯರ ಅಂಗಡಿಗೆ. ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ, ಪಕ್ಕದಲ್ಲಿ ಚಹದ ಹೋಟೆಲು. ಕೆಲಸ ಮಾತ್ರ ಚಿನ್ನ. ದಪ್ಪ ರೆಕ್ಸಿನ್ನಿನ ಕವರು, ಒಳಗೆ ಸ್ಪಂಜು, ನೆಲದ ತನಕ ಇಳಿಯಬೇಕು, ಆ ಜಾಲರಿಯನ್ನು ಪೂರಾ ಮುಚ್ಚಬೇಕು ಎಂದು ಹೇಳಿದೆ.

ಅವರು ಕನ್ನಡಕ ಹಣೆಗೇರಿಸಿ, ಬಾಗಿ, ಜಾಲರಿಯ ಮುಂದೆ ಅಂಗೈ ಹಿಡಿದರು. "ಮೇಡಂ, ಇದು ಹವಾ ತಗೊಳ್ಳೋ ಜಾಗಾ ಅದರೀ. ಅಂದರ್ ಕುಛ್ ತೋ ಹೈ, ಒಳಗ ಏನೋ ಅದ. ಖುಲ್ಲಾ ಬಿಡ್ರೀ."

"ಅಲ್ಲಿಂದನ ಹೊಲಸು ಒಳಗ ಹೋಗ್ತದ. ಗಟ್ಟಿ ಮುಚ್ಚಿ ಹೊಲೀರಿ."

"ಫಾಲ್ತು ಕಿಂಡಿ ಯಾರೂ ಇಡಂಗಿಲ್ರೀ ಮೇಡಂ."

"ನಾ ಸೈನ್ಸ್ ಟೀಚರ್ ಇದ್ದೀನ್ರೀ," ಅಂದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನಿಮ್ಮ ಮರ್ಜಿ," ಎಂದು ಕನ್ನಡಕ ಇಳಿಸಿಕೊಂಡು ಅಳತೆ ತೆಗೆದರು.

ಬ್ಯಾಟರಿ ಹಿಂದಿನ ಸೀಟಿನ ಕೆಳಗೇ ಇರುತ್ತದೆ. ಜಾಮಿನಲ್ಲಿ ಮತ್ತೆ ಮತ್ತೆ ಶಕ್ತಿ ತುಂಬಿಕೊಂಡು, ಬಿಟ್ಟುಕೊಟ್ಟು ಅದು ಬಿಸಿಯಾಗುತ್ತದೆ, ಕಾರಿನೊಳಗಿನ ತಂಪು ಗಾಳಿಯನ್ನು ಆ ಜಾಲರಿಯಿಂದ ಎಳೆದುಕೊಂಡು ತಣ್ಣಗಾಗುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರಸಮೇತ ಹಾಕಿದ್ದರು. ನಾನು ಆ ಪುಸ್ತಕವನ್ನು ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆದೇ ಇರಲಿಲ್ಲ, ಕೊಳೆಯಾಗುತ್ತದೆ ಎಂದು. ಬಿಸಿಗಾಳಿ ಹೊರಗೆ ಹೋಗಬೇಕು, ತಂಪುಗಾಳಿ ಒಳಗೆ ಬರಬೇಕು ಅಂತ ಎಂಟನೇ ಕ್ಲಾಸಿನ ಹುಡುಗಿಯರಿಗೆ ಮೊಂಬತ್ತಿ ಹಚ್ಚಿ ತೋರಿಸುತ್ತಿದ್ದವಳು ನಾನೇ. ಹೊಸ ಕವರಿನ ಮೇಲೆ ಅವ್ವ ಹೊಲಿದ ಕೌದಿಯನ್ನೂ ಹಾಸಿದೆ. ನಮ್ಮಲ್ಲಿ ಜಡ್ಡಾದವರನ್ನು ಬರಿಯ ಸೀಟಿನ ಮೇಲೆ ಮಲಗಿಸುವುದಿಲ್ಲ. ಅವ್ವನ ಹಳೆಯ ಸೀರೆಗಳ ಐದು ಪದರದ ಕೌದಿ ಅದು, ಅಂಚು ನೆಲ ಮುಟ್ಟುತ್ತಿತ್ತು. ತಂಗಿ ಅದನ್ನು ಸವರಿ ನೋಡಿ ಮಲಗಿದಳು.

ಮೇ ತಿಂಗಳು ಬಂತು. ಕೆಲವು ದಿನಗಳಿಂದ ಹಿಂದಿನ ಸೀಟಿನ ಕೆಳಗೆ ಗುಂಯ್ ಎಂದು ಫ್ಯಾನಿನ ಸದ್ದು ಜೋರಾಗುತ್ತಿತ್ತು. ಜಾಮಿನಲ್ಲಿ ಆರಬೇಕಾದ ಎಂಜಿನ್ ಆರದೆ ಗುರುಗುಟ್ಟುತ್ತಿತ್ತು. ಬಿಸಿಲಿಗೆ ಹೀಗೆ, ಎಂದುಕೊಂಡೆ.

ಆ ಮಂಗಳವಾರ ತಂಗಿಯ ಉಸಿರು ಮನೆಯಲ್ಲೇ ಸಣ್ಣಗಾಗಿತ್ತು. ಹಿಂದಿನ ದಿನ ಸೆಕೆಗೆ ಒಂದೆರಡು ಲೋಟ ನೀರು ಹೆಚ್ಚು ಕುಡಿದಿದ್ದಳಂತೆ. ಹತ್ತಕ್ಕೆ ಯಂತ್ರ ಸಿಗದಿದ್ದರೆ ಆ ಜಾಗಕ್ಕೆ ಮುಂದಿನವರನ್ನು ಮಲಗಿಸುತ್ತಾರೆ. ಊರೊಳಗೆ ಹೊಕ್ಕಾಗ ಒಂಬತ್ತೂವರೆ. ಮುಂದೆ ತೊಗರಿ ಹೇರಿದ ಲಾರಿಯೊಂದು ಅಡ್ಡಲಾಗಿ ಕೆಟ್ಟು ನಿಂತಿತ್ತು, ಅದರ ಸುತ್ತ ಊರೆಲ್ಲ ಸಿಕ್ಕಿಕೊಂಡಿತ್ತು. ಯಾರೂ ಯಾರಿಗೂ ದಾರಿ ಬಿಡುವವರಲ್ಲ, ಎಲ್ಲರ ಹೆಬ್ಬೆಟ್ಟೂ ಹಾರ್ನಿನ ಮೇಲೆ. ಐದು ನಿಮಿಷ, ಹತ್ತು ನಿಮಿಷ. ಮುಂದಿನ ಪರದೆಯ ಮೇಲೆ ಕೆಂಪು ಅಕ್ಷರ ಬಂತು, ಬ್ಯಾಟರಿ ಬಿಸಿಯಾಗಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂದು. ಎಲ್ಲಿಯ ಸುರಕ್ಷಿತ ಜಾಗ? ಒಂದು ಗೇಣು ಅಲುಗಲು ಆಗುತ್ತಿರಲಿಲ್ಲ. ಏಸಿಯ ಗಾಳಿ ಮೊದಲು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು, ಆಮೇಲೆ ನಿಂತೇಹೋಯಿತು. ಕಾರು ಸತ್ತ ಹಾಗೆ ಕೂತಿತು.

ಗಾಜು ಇಳಿಸದೆ ಗತಿಯಿರಲಿಲ್ಲ. ಇಳಿಸುತ್ತಲೇ ಪಕ್ಕದ ಬಸ್ಸಿನ ಕರಿಹೊಗೆ ನೇರ ಒಳಗೆ ಬಂತು.

"ಅಕ್ಕಾ," ಅಂದಳು ತಂಗಿ. ಎದ್ದು ಕೂತಿದ್ದಳು, ಬಾಯಿ ಮೇಲೆ ಕೈ. ಚೀಲ ಇರಲಿಲ್ಲ. ಹೊಸ ಕಾರು ಬಂದ ಮೇಲೆ ವಾಂತಿಯೇ ಆಗಿರಲಿಲ್ಲವಲ್ಲ, ನಾನು ಚೀಲ ಇಡುವುದನ್ನೇ ಬಿಟ್ಟಿದ್ದೆ. ಅವಳು ಒಮ್ಮೆ ಕೌದಿಯ ಕಡೆ ನೋಡಿದಳು, ಒಮ್ಮೆ ಹೊಸ ಕವರಿನ ಕಡೆ ನೋಡಿದಳು, ಬಗ್ಗಿ ತನ್ನ ಸೆರಗನ್ನು ಬಾಯಿಗೆ ತುರುಕಿಕೊಳ್ಳಲು ಹೋದಳು. ಉಸಿರಾಡಲಿಕ್ಕೇ ಆಗದವಳು ಬಾಯಿಗೆ ಬಟ್ಟೆ ತುರುಕಿಕೊಳ್ಳುತ್ತಿದ್ದಾಳೆ, ನನ್ನ ಸೀಟು ಕೆಡಬಾರದು ಎಂದು.

ನನಗೆ ಏನಾಯಿತೋ. ಬಾಗಿಲು ತೆರೆದು, ಹಿಂದೆ ಹೋಗಿ, ಸೆರಗು ಕಿತ್ತು ನನ್ನ ಎರಡೂ ಕೈ ಬೊಗಸೆ ಮಾಡಿ ಅವಳ ಗದ್ದಕ್ಕೆ ಒಡ್ಡಿದೆ. "ಮಾಡು. ಮಾಡು ನನ್ನವ್ವ, ಇದ್ರಾಗೇ ಮಾಡು."

ಅವಳು ನನ್ನ ಮುಖವನ್ನೇ ನೋಡುತ್ತ ಮಾಡಿದಳು. ಬಿಸಿಯಾಗಿತ್ತು, ಸ್ವಲ್ಪವೇ ಇತ್ತು. ಬೆರಳ ಸಂದಿಯಿಂದ ನನ್ನ ಸೀರೆಯ ಮೇಲೆ ಇಳಿಯಿತು. ನನಗೆ ಹೇಸಿಗೆ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆಯಿತು, ಆದರೆ ಆ ಹೊತ್ತಿಗೆ ಅದು ಮುಖ್ಯವಾಗಿರಲಿಲ್ಲ.

ಹಿಂದೆ ಒಬ್ಬ ಆಟೋದವ ಒಂದೇ ಸಮನೆ ಹಾರ್ನು ಬಡಿಯುತ್ತಿದ್ದ. ಇಳಿದು ಬಂದ, ಬಯ್ಯಲಿಕ್ಕೆಂದೇ ಬಂದವನು. ನನ್ನ ಕೈ ನೋಡಿ ನಿಂತ. ಬಾಯಿ ತುಂಬ ಗುಟ್ಕಾ. ಪಕ್ಕಕ್ಕೆ ತಿರುಗಿ ಉಗಿದು ಬಂದು ಕೇಳಿದ: "ಏನಾಗ್ಯಾದರೀ ಅವ್ರಿಗಿ?"

"ಡಯಾಲಿಸಿಸ್. ಹತ್ತಕ್ಕ ಮುಟ್ಟಬೇಕು."

"ಗಾಡಿ ಇಲ್ಲೇ ಬಿಡ್ರಿ. ಏಳ್ರಿ, ಏಳ್ರಿ ಅಕ್ಕೋರ."

ಅವಳನ್ನು ಇಬ್ಬರೂ ಹಿಡಿದು ಅವನ ಆಟೋದಲ್ಲಿ ಕೂರಿಸಿದೆವು. ಹರಿದ ಸೀಟು, ಕಂಬಿಗಳ ತುಂಬ ಕೆಂಪು ಕಲೆ. ಅವನು ಆಟೋವನ್ನು ಹಿಂದಕ್ಕೆ ತಿರುಗಿಸಿ, ಎದುರು ಬರುವವರನ್ನೆಲ್ಲ "ಪೇಶೆಂಟ್ ಹೈ, ಹಟೋ! ಸರೀರಿ ಅತ್ಲಾಗ!" ಎಂದು ಬಯ್ಯುತ್ತ, ಹಾರ್ನಿನಿಂದ ಕೈ ತೆಗೆಯದೆ, ಗಲ್ಲಿಗಳಲ್ಲಿ ನುಗ್ಗಿಸಿದ. ಇಡೀ ಜನ್ಮದಲ್ಲಿ ಹಾರ್ನಿನ ಸದ್ದು ನನಗೆ ಹಿತವೆನಿಸಿದ್ದು ಅವತ್ತೊಂದೇ ದಿನ. ಹತ್ತೂ ಹತ್ತಕ್ಕೆ ಮುಟ್ಟಿದೆವು. ನರ್ಸು ಯಂತ್ರ ಬೇರೆಯವರಿಗೆ ಕೊಟ್ಟಿರಲಿಲ್ಲ. ಬಾಳೆಹಣ್ಣಿನ ಅಕ್ಕ ಬರುತ್ತಾರೆ ಎಂದು ಕಾದಿದ್ದಳು.

ಕಾರನ್ನು ಎಳೆಸಿ ತಂದ ಮೇಲೆ ಮೆಕ್ಯಾನಿಕ್ಕು ನೋಡಿ ಕವರಿನ ಕಡೆ ಬೆರಳು ತೋರಿಸಿದ, ಮತ್ತೇನೂ ಕೆಟ್ಟಿಲ್ಲ ಅಂದ. ಮರುದಿನ ಮೋಮಿನಪುರಕ್ಕೆ ಹೋದೆ. ಹಿರಿಯರು ಬಾಗಿ ಕವರಿನ ಅಂಚು ಎತ್ತಿ ನೋಡಿದರು. ಬ್ಲೇಡು ತಗೊಂಡು ಜಾಲರಿಯ ಸುತ್ತ ಚೌಕಾಕಾರ ಕೊಯ್ದರು. ಒಳಗೆ ಬೂದುಬಣ್ಣದ ಧೂಳು ಕಂಬಳಿಯ ಹಾಗೆ ಕಟ್ಟಿತ್ತು. ಅದನ್ನು ಬೆರಳಿನಿಂದಲೇ ಎಳೆದು ತೆಗೆದರು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಂಚಿಗೆ ಪಟ್ಟಿ ಇಟ್ಟು ಹೊಲಿದರು. ನೀವು ಹೇಳಿದ್ದಿರಿ ಅಂದೆ. "ಹೊತ್ತಿಗಿ ಮುಟ್ಟಿದ್ರಿಲ್ರೀ ಆಸ್ಪತ್ರಿ?" ಎಂದಷ್ಟೇ ಕೇಳಿ ಚಹ ತರಿಸಿದರು. ಅದು ಯಾರ ಯಾರ ಬಾಯಿ ತಾಗಿದ ಗ್ಲಾಸೋ, ಕುಡಿದೆ.

ಶುಕ್ರವಾರ ಮತ್ತೆ ಕಮಲಾಪುರಕ್ಕೆ ಹೊರಟೆ. ಮತ್ತೆ ಗಾಡಿಯಲ್ಲಿ ವಾಂತಿಯಾಗಿತ್ತಲ್ಲ, ಇನ್ನು ಅವಳು ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಬಾಗಿಲು ಹಾಕಿಕೊಂಡಿದ್ದರೆ ಒಡೆಯುವುದೇ ಎಂದು ತೀರ್ಮಾನಿಸಿಕೊಂಡಿದ್ದೆ. ಊರ ಹತ್ತಿರ ಬಂದು ನೋಡಿದರೆ ಅವಳು ರಸ್ತೆಯ ಅಂಚಿಗೇ ಬಂದು ನಿಂತಿದ್ದಾಳೆ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಬಾಳೆ ಚಿಪ್ಪು.

ಹಿಂದೆ ಹತ್ತಿ ಕೂತಳು. ಕೌದಿಯ ಅಂಚನ್ನು ಮೇಲಕ್ಕೆ ಮಡಚಿ, ಕೊಯ್ದ ಜಾಗ ನೋಡಿ, "ಇದಕ್ಕ ಉಸುರು ಹತ್ತಿತ್ತೇನ ಅವತ್ತ?" ಎಂದು ನಕ್ಕಳು.

"ತಪ್ಪು ನಂದೇ. ಗಾಡಿ ಈಗ ನೆಟ್ಟಗದ. ಇನ್ನ ವಾಸನಿ ಬರಂಗಿಲ್ಲ, ಚೀಲಾನೂ ಇಟ್ಟೀನಿ, ನೀ ಚಿಂತಿ ಮಾಡಬ್ಯಾಡ," ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ಬಾಳೆ ಚಿಪ್ಪನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು: "ಅಕ್ಕಾ, ನನಗ ಡೀಸಲ್ ವಾಸನಿ ಎಂದೂ ತ್ರಾಸ ಕೊಟ್ಟಿಲ್ಲ. ವಾಂತಿ ಆಗೂದು ಜಡ್ಡಿಂದು, ಯಾವ ಗಾಡ್ಯಾಗರೆ ಆಗ್ತದ. ಹೊಸಾದ್ರಾಗ ನೀ ಹಾಡು ಹಚ್ಚಿ ಮಾತಾಡ್ತಿದ್ದಿ, ಅದಕ್ಕ ತಡೀತಿತ್ತು, ಅಷ್ಟ. ನೀ ಆ ಕನ್ನಡ್ಯಾಗ ಮಾರಿ ಮಾಡ್ತಿದ್ದೆಲ್ಲ, ಅದನ್ನ ನೋಡ್ಲಿಕ್ಕಾಗ್ತಿರ್ಲಿಲ್ಲ ನನಗ. ಹಿಂಗ ಅಕ್ಕನ ಕಣ್ಣಾಗ ಹೊಲಸಾಗಿ ಬದುಕೂದಕಿಂತ ಮನ್ಯಾಗ ಬಿದ್ದಿರೂದೇ ಛಲೋ ಅನಸ್ತಿತ್ತು."

 ಒಂದು ಬಾಗಿಲು ಹಾಕಿಕೊಂಡ ಶುಕ್ರವಾರ, ಗೋಡೆಗೆ ಆನಿಸಿ ಕೂರಿಸಿದ ಒಂದು ಭಾನುವಾರ, ಅದಕ್ಕೆ ಔಷಧ ಎಂದು ನಾನು ಕೊಂಡ ಕಾರು. ಕೈ ಎತ್ತಿ ಒಳಗಿನ ಕನ್ನಡಿಯನ್ನು ಮೇಲಕ್ಕೆ, ಚಾವಣಿಯ ಕಡೆಗೆ, ತಿರುಗಿಸಹೋದೆ.

"ಬ್ಯಾಡ, ಇರ್ಲಿ ಬಿಡು," ಅಂದಳು. "ಈಗ ನಿನ್ನ ಮಾರಿ ನೋಡ್ತೀನಿ. ನಡಿ, ಹತ್ತರ ಮಷೀನ್ ತಪ್ಪತದ."